ರಾಜಮಾತೆ ಮರಿಯಾ ದೆ ಮೊಲಿನಾ

ಯೂರೋಪು ಖಂಡದ ನೈಋತ್ಯ ಮೂಲೆಯಲ್ಲಿ, ಬಹುಭಾಗ ಕಡಲಿನಿಂದ ಆವೃತವಾದ ಐಬೀರಿಯಾ ಪರ್ಯಾಯದ್ವೀಪವಿದೆ. ಇಂದಿನ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳು ಇರುವುದು ಅಲ್ಲಿಯೇ. ಹದಿಮೂರನೆಯ ಶತಮಾನದಲ್ಲಿ ಸ್ಪೇನ್ ಎಂಬ ಒಂದೇ ರಾಜ್ಯವಿರಲಿಲ್ಲ. ನಡುವೆ ವಿಶಾಲವಾದ ಕ್ಯಾಸ್ಟೀಲ್ ಮತ್ತು ಲಿಯೊನ್ ರಾಜ್ಯಗಳಿದ್ದುವು. 1230ರಿಂದ ಇವೆರಡಕ್ಕೂ ಒಬ್ಬನೇ ಅರಸ. ಪೂರ್ವಕ್ಕೆ ಅರಗಾನ್, ಪಶ್ಚಿಮಕ್ಕೆ ಪೋರ್ಚುಗಲ್, ಉತ್ತರಕ್ಕೆ ನವಾರ್, ದಕ್ಷಿಣಕ್ಕೆ ಗ್ರನಾಡಾದ ಮುಸಲ್ಮಾನ ಸುಲ್ತಾನರ ರಾಜ್ಯ. ಇವುಗಳಲ್ಲಿ ಒಂದಕ್ಕೊಂದು ನಂಬಿಕೆಯಿರಲಿಲ್ಲ. ಒಂದು ರಾಜ್ಯದಲ್ಲಿ ಅರಸನು ಸತ್ತು ಬಾಲಕನು ಪಟ್ಟಕ್ಕೆ ಬಂದನೆಂದರೆ ನೆರೆಹೊರೆಯ ರಾಜರು ಗಡಿಯತ್ತ ದಂಡು ನಡೆಸುತ್ತಿದ್ದರು. ಒಳಗಿನ ಸರದಾರರು ಉರಿಯುವ ಮನೆಯ ಗಳ ಹಿರಿಯಲು ಕೈ ಚಾಚುತ್ತಿದ್ದರು.

ಇಂತಹ ಆಪತ್ತು ಕ್ಯಾಸ್ಟೀಲ್ ರಾಜ್ಯಕ್ಕೆ ಹದಿನೇಳು ವರ್ಷಗಳ ಅಂತರದಲ್ಲಿ ಎರಡು ಬಾರಿ ಒದಗಿತು. ಎರಡು ಬಾರಿಯೂ ಆ ರಾಜ್ಯವು ಒಡೆದು ಚೂರಾಗದಂತೆ ಕಾಪಾಡಿದವಳು ಒಬ್ಬ ವಿಧವೆ. ಆಕೆಯೇ ಮರಿಯಾ ದೆ ಮೊಲಿನಾ. ಪತಿ, ಮಗ ಮತ್ತು ಮೊಮ್ಮಗ ಎಂಬ ಮೂವರು ಅರಸರ ಕಾಲದಲ್ಲಿ ಆಕೆ ರಾಜ್ಯಭಾರದ ಭಾರವನ್ನು ಹೊತ್ತಳು.

ಮರಿಯಾ ಹುಟ್ಟಿದುದು ಸುಮಾರು 1265ರಲ್ಲಿ. ತಂದೆ ಮೊಲಿನಾ ಸೀಮೆಯ ಒಡೆಯನಾದ ರಾಜಕುಮಾರ ಅಲ್ಫಾನ್ಸೊ. ಈತನು ಲಿಯೊನಿನ ಅರಸ ಒಂಬತ್ತನೆಯ ಅಲ್ಫಾನ್ಸೊನ ಮಗ. ಕ್ಯಾಸ್ಟೀಲಿನ ಪ್ರಸಿದ್ಧ ದೊರೆ ಮೂರನೆಯ ಫೆರ್ನಾಂಡೊನ ತಮ್ಮ. ತಾಯಿ ಮೇನೇಸೆಸ್ ಮನೆತನದ ಮಯೋರ್ ಅಲ್ಫಾನ್ಸೊ. ಹೀಗೆ ಮರಿಯಾಳ ಮೈಯಲ್ಲಿ ರಾಜರಕ್ತವೇ ಹರಿಯುತ್ತಿದ್ದಿತು. ಮುಂದೆ ಆಕೆಯ ಬಾಳಿಗೆ ಮುಳ್ಳಾದುದು ಇದೇ ರಕ್ತಸಂಬಂಧ.

ಆಗ ಕ್ಯಾಸ್ಟೀಲನ್ನು ಆಳುತ್ತಿದ್ದವನು ಹತ್ತನೆಯ ಅಲ್ಫಾನ್ಸೊ. ವಿದ್ಯಾಪಕ್ಷಪಾತಿಯಾದ ಈ ದೊರೆಯನ್ನು ಜನರು ಪಂಡಿತರಾಜನೆಂದು ಕರೆಯುತ್ತಿದ್ದರು. ಈತನ ಹಿರಿಯ ಮಗ ಫೆರ್ನಾಂಡೊ ದೆ ಲಾ ಸೆರ್ದಾ 1275ರಲ್ಲಿ ಇಬ್ಬರು ಎಳೆಯ ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡನು. ಪಟ್ಟವು ಸಲ್ಲಬೇಕಾದುದು ಹಿರಿಯ ಮಗನ ಮಕ್ಕಳಿಗೋ, ಬದುಕಿರುವ ಎರಡನೆಯ ಮಗ ಸಾಂಚೊನಿಗೋ ಎಂಬ ವಿವಾದವೆದ್ದಿತು. ತಂದೆಗೂ ಮಗನಿಗೂ ವೈರ ಬೆಳೆಯಿತು. 1282ರಲ್ಲಿ ವಯಾದೊಲಿದ್ ನಗರದಲ್ಲಿ ಕೂಡಿದ ಸರದಾರರೂ ನಗರಗಳ ಪ್ರತಿನಿಧಿಗಳೂ ಸಾಂಚೊನ ಪಕ್ಷ ವಹಿಸಿದರು. ಅದೇ ವರ್ಷ ತೊಲೇದೊ ನಗರದಲ್ಲಿ ಸಾಂಚೊನು ಮರಿಯಾಳನ್ನು ವರಿಸಿದನು.

ಮರಿಯಾ ಹತ್ತನೆಯ ಅಲ್ಫಾನ್ಸೊನ ಚಿಕ್ಕಪ್ಪನ ಮಗಳು. ಎಂದರೆ ವರನ ತಂದೆಗೆ ಆಕೆ ತಂಗಿಯಾಗಬೇಕು. ಇಷ್ಟು ಸಮೀಪದ ಸಂಬಂಧಿಗಳು ಮದುವೆಯಾಗಬೇಕಾದರೆ ಕ್ರೈಸ್ತ ಧರ್ಮಗುರುಗಳಾದ ಪೋಪರ ವಿಶೇಷ ಅನುಮತಿ ಬೇಕಾಗಿದ್ದಿತು. ಅಲ್ಲದೆ ಸಾಂಚೊನಿಗೆ ಎಳೆತನದಲ್ಲಿಯೇ ಬೇರೊಬ್ಬ ಕನ್ಯೆಯೊಡನೆ ವಿವಾಹದ ಒಪ್ಪಂದವಾಗಿದ್ದಿತು. ಅನುಮತಿ ಪಡೆಯದೆ ನಡೆದ ಈ ಮದುವೆಯನ್ನು ಪೋಪ್ ನಾಲ್ಕನೆಯ ಮಾರ್ಟಿನರು ಖಂಡಿಸಿ, ದಂಪತಿಗಳು ಬೇರೆಯಾಗಬೇಕೆಂದು 1283ರಲ್ಲಿ ಆಜ್ಞೆ ಮಾಡಿದರು. ಸಾಂಚೊನು ಮಡದಿಯ ಕೈ ಬಿಡಲಿಲ್ಲ. ಮರಿಯಾಳೂ ಗಂಡನನ್ನು ತೊರೆಯಲಿಲ್ಲ. ಪೋಪರ ಅಸಮಾಧಾನದ ಪರಿಣಾಮ ಕೇವಲ ದಂಪತಿಗಳ ಮೇಲೆ ಬೀಳುವಂಥದಾಗಿರಲಿಲ್ಲ. ಮದುವೆ ಅಸಿಂಧುವಾದರೆ ಹುಟ್ಟುವ ಮಕ್ಕಳು ಧರ್ಮಸಮ್ಮತ ಸಂತಾನವಲ್ಲ. ಅಂತಹವರಿಗೆ ಸಿಂಹಾಸನದ ಹಕ್ಕೂ ಇಲ್ಲ. ಈ ಅಸ್ತ್ರವು ಶತ್ರುಗಳ ಬತ್ತಳಿಕೆಯಲ್ಲಿ ಸದಾ ಸಿದ್ಧವಾಗಿದ್ದಿತು.

1284ರ ಏಪ್ರಿಲ್ ತಿಂಗಳಲ್ಲಿ ಹತ್ತನೆಯ ಅಲ್ಫಾನ್ಸೊ ಸೆವಿಲ್ಯ ನಗರದಲ್ಲಿ ಮಡಿದನು. ಸಾಂಚೊ ತೊಲೇದೊ ನಗರದಲ್ಲಿ ಕಿರೀಟ ಧರಿಸಿದನು. ಮರಿಯಾ ಪಟ್ಟದರಸಿಯಾದಳು. ಈ ದಂಪತಿಗಳಿಗೆ ಏಳು ಮಂದಿ ಮಕ್ಕಳಾದರು. ಹಿರಿಯಳು ಇಸಬೆಲ್, ಗಂಡುಮಕ್ಕಳಲ್ಲಿ ಹಿರಿಯನಾದ ಫೆರ್ನಾಂಡೊ 1285ರ ಡಿಸೆಂಬರ್ 6ರಂದು ಜನಿಸಿದನು.

ಸಾಂಚೊ ಶೂರ, ಆದರೆ ಮುಂಗೋಪಿ. ಆತನ ಕೋಪದ ಉರಿಗೆ ತಣ್ಣೀರು ಎರೆಯಬಲ್ಲವಳು ಮರಿಯಾ ಒಬ್ಬಳೇ. 1288ರಲ್ಲಿ ಅಲ್ಫಾರೊ ಎಂಬ ಊರಿನಲ್ಲಿ ನಡೆದ ಘಟನೆ ಇದಕ್ಕೆ ನಿದರ್ಶನ. ವಿಸ್ಕಾಯಾ ಸೀಮೆಯ ಒಡೆಯನಾದ ಲೋಪೆ ದಿಯಾಸ್ ದೆ ಆರೊ ಎಂಬ ಪ್ರಬಲ ಸರದಾರನು ದೊರೆಯ ವಿಶ್ವಾಸಕ್ಕೆ ಪಾತ್ರನಾಗಿ ಮೆರೆದು, ಕೊನೆಗೆ ದೊರೆಗೇ ಎದುರು ನಿಂತನು. ದೊರೆಯ ತಮ್ಮನಾದ ಹುವಾನ್ ಆ ಸರದಾರನ ಅಳಿಯ, ಅವನ ಬೆಂಬಲಕ್ಕಿದ್ದವನು. ಮಂತ್ರಾಲೋಚನೆಯ ಸಭೆಯಲ್ಲಿ ಮಾತಿಗೆ ಮಾತು ಬೆಳೆದು ಕತ್ತಿಗಳು ಒರೆಯಿಂದ ಹೊರಬಂದುವು. ಲೋಪೆ ಅಲ್ಲಿಯೇ ಹತನಾದನು. ರಕ್ತ ಕಂಡ ದೊರೆಯು ತಮ್ಮನನ್ನೂ ಕೊಲ್ಲಲು ಮುನ್ನುಗ್ಗಿದನು. ಗದ್ದಲವನ್ನು ಕೇಳಿ ರಾಣಿಯು ಓಡಿಬಂದು ಅಡ್ಡ ನಿಂತು ಮೈದುನನ ಪ್ರಾಣವನ್ನು ಉಳಿಸಿದಳು. ಹುವಾನ್ ಕೆಲವು ವರ್ಷ ಸೆರೆಯಲ್ಲಿದ್ದು ಬಿಡುಗಡೆ ಹೊಂದಿದನು. ಅಂದು ಜೀವದಾನ ಪಡೆದ ಈ ಮೈದುನನು ಮುಂದೆ ಆ ಉಪಕಾರವನ್ನು ಹೇಗೆ ತೀರಿಸಿದನೆಂಬುದನ್ನು ಕಾಣಲಿದ್ದೇವೆ.

1292ರಲ್ಲಿ ಸಾಂಚೊ ದಕ್ಷಿಣದ ಕಡಲತೀರದ ತಾರೀಫಾ ಕೋಟೆಯನ್ನು ಗೆದ್ದುಕೊಂಡನು. ಆದರೆ ಆತನ ದೇಹಾರೋಗ್ಯ ಕೆಡುತ್ತಿದ್ದಿತು. 1295ರ ಏಪ್ರಿಲ್ 25ರಂದು ಆತನು ತೊಲೇದೊ ನಗರದಲ್ಲಿ ಕೊನೆಯುಸಿರೆಳೆದನು. ಸಾಯುವ ಮುನ್ನ ಬಾಲಕ ಫೆರ್ನಾಂಡೊನನ್ನೂ ರಾಜ್ಯವನ್ನೂ ಮರಿಯಾಳ ವಶಕ್ಕೆ ಒಪ್ಪಿಸಿದನು. ಆಗ ಹೊಸ ದೊರೆಯ ವಯಸ್ಸು ಒಂಬತ್ತು ವರ್ಷ. ರಾಜಮಾತೆಯದು ಸುಮಾರು ಮೂವತ್ತು.

ದೊರೆಯ ಚಿತೆಯ ಶೋಕ ಆರುವ ಮೊದಲೇ ಶತ್ರುಗಳು ನಾಲ್ಕು ದಿಕ್ಕುಗಳಿಂದ ಎದ್ದರು. ಪ್ರಾಣಭಿಕ್ಷೆ ಪಡೆದಿದ್ದ ಹುವಾನ್, ಅಣ್ಣನ ಮದುವೆಯೇ ಸಿಂಧುವಲ್ಲವೆಂದು ಸಾರಿ, ಸಿಂಹಾಸನ ತನ್ನದೆಂದನು. ಹಿರಿಯ ರಾಜಕುಮಾರನ ಮಗ ಅಲ್ಫಾನ್ಸೊ ದೆ ಲಾ ಸೆರ್ದಾ ಪಟ್ಟವು ತನಗೆ ಸಲ್ಲಬೇಕೆಂದನು. ಅರಗಾನಿನ ದೊರೆ ಎರಡನೆಯ ಹೈಮೆ, ರಾಣಿಯ ಮಗಳು ಇಸಬೆಲಳನ್ನು ವರಿಸಲು ಒಪ್ಪಂದ ಮಾಡಿಕೊಂಡು ತನ್ನಲ್ಲಿಗೆ ಕರೆಸಿಕೊಂಡಿದ್ದವನು, ಪೋಪರ ಅನುಮತಿಯಿಲ್ಲವೆಂಬ ನೆಪದಿಂದ ಆ ಹುಡುಗಿಯನ್ನು ಹಿಂದಕ್ಕೆ ಕಳುಹಿಸಿ, ಸೆರ್ದಾನ ಪಕ್ಷ ಸೇರಿದನು. ಪೋರ್ಚುಗಲಿನ ದೊರೆ ದಿನಿಸ್ ಗಡಿಯ ಊರುಗಳ ಮೇಲೆ ಕಣ್ಣಿಟ್ಟನು. ಗ್ರನಾಡಾದ ಸುಲ್ತಾನನೂ ಸುಮ್ಮನಿರಲಿಲ್ಲ. ಮನೆಯೊಳಗೂ ನೆಮ್ಮದಿಯಿರಲಿಲ್ಲ. ಹತ್ತನೆಯ ಅಲ್ಫಾನ್ಸೊನ ತಮ್ಮನಾದ ವೃದ್ಧ ಎನ್ರಿಕೆ, ಇಪ್ಪತ್ತು ವರ್ಷಗಳಿಗೂ ಮೀರಿ ಇಟಲಿಯಲ್ಲಿ ಸೆರೆಯಾಳಾಗಿದ್ದು ಹಿಂದಿರುಗಿ ಬಂದಿದ್ದವನು, ಬಾಲರಾಜನ ಪಾಲಕತ್ವ ತನಗೆ ಬೇಕೆಂದು ಹಟ ಹಿಡಿದನು. ಸರದಾರರ ಮನೆತನಗಳಾದ ಆರೊ ಮತ್ತು ಲಾರಾದವರು ಹೆಚ್ಚು ಹಣ, ಹೆಚ್ಚು ಭೂಮಿ ಕೊಟ್ಟವರ ಕಡೆ ವಾಲುತ್ತಿದ್ದರು.

ರಾಣಿಯ ಬಳಿ ದೊಡ್ಡ ಸೈನ್ಯವಿರಲಿಲ್ಲ; ಬೊಕ್ಕಸವೂ ಬರಿದಾಗಿದ್ದಿತು. ಇಂತಹ ಸ್ಥಿತಿಯಲ್ಲಿ ಆಕೆ ನಗರಗಳ ಜನತೆಯತ್ತ ನೋಡಿದಳು. ಕ್ಯಾಸ್ಟೀಲಿನ ನಗರಗಳಿಗೆ ತಮ್ಮದೇ ಆದ ಪೌರಸಭೆಗಳೂ ಅರಸರು ದಯಪಾಲಿಸಿದ ಹಕ್ಕುಪತ್ರಗಳೂ ಇದ್ದುವು. ಅವುಗಳ ಪ್ರತಿನಿಧಿಗಳು ಪುರೋಹಿತವರ್ಗದವರೊಡನೆ ಮತ್ತು ಸರದಾರರೊಡನೆ ಕೊರ್ತೆಸ್ ಎಂಬ ಮಹಾಸಭೆಯಲ್ಲಿ ಕುಳಿತುಕೊಳ್ಳುತ್ತಿದ್ದರು. ಸರದಾರರ ಕಲಹದಿಂದ ಹೊಲ ಸುಡುವುದು ರೈತನದು, ಅಂಗಡಿ ಮುಚ್ಚುವುದು ವರ್ತಕನದು. ಆದುದರಿಂದ ಶಾಂತಿಯನ್ನು ಬಯಸುವವರು ಇವರೇ ಎಂಬುದನ್ನು ಮರಿಯಾ ಅರಿತುಕೊಂಡಳು. ಮಾರಾಟದ ಸರಕುಗಳ ಮೇಲೆ ಸಾಂಚೊ ವಿಧಿಸಿದ್ದ ಸೀಸಾ ಎಂಬ ತೆರಿಗೆಯನ್ನು ರದ್ದುಪಡಿಸಿದಳು. ಬಡವರಿಗೆ ಹೊರೆಯಾಗಿದ್ದ ಈ ತೆರಿಗೆ ಹೋದುದರಿಂದ ಜನರ ಮನಸ್ಸು ಆಕೆಯತ್ತ ತಿರುಗಿತು.

ಆದರೂ ಮೊದಲ ಪರೀಕ್ಷೆ ಕಠಿಣವಾಗಿದ್ದಿತು. 1295ರ ಬೇಸಗೆಯಲ್ಲಿ ವಯಾದೊಲಿದ್ ನಗರದಲ್ಲಿ ಮಹಾಸಭೆಯನ್ನು ಕರೆಯಲಾಯಿತು. ರಾಣಿಯು ಮಗನೊಡನೆ ನಗರದ ಬಳಿಗೆ ಬಂದಾಗ ಹೆಬ್ಬಾಗಿಲು ಮುಚ್ಚಿದ್ದಿತು. ಎನ್ರಿಕೆಯ ಪ್ರಚೋದನೆಗೆ ಒಳಗಾಗಿದ್ದ ಪೌರರು ಬಾಗಿಲು ತೆರೆಯಲಿಲ್ಲ. ತನ್ನ ರಾಜ್ಯದ ನಗರದ ಹೊರಗೆ, ಒಂಬತ್ತು ವರ್ಷದ ಅರಸನೊಡನೆ, ರಾಜಮಾತೆಯು ಕೆಲವು ಗಂಟೆಗಳ ಕಾಲ ಕಾದಳು. ಕೊನೆಗೆ ತಾಯಿಮಕ್ಕಳಿಗೆ ಮಾತ್ರ ಒಳಗೆ ಬರಲು ಅನುಮತಿ ದೊರೆಯಿತು. ಪರಿವಾರದವರು ಹೊರಗೇ ಉಳಿಯಬೇಕಾಯಿತು. ಆಕೆ ಕೋಪಗೊಳ್ಳದೆ ಒಳಗೆ ಹೋದಳು. ನಗರಗಳ ಪ್ರತಿನಿಧಿಗಳನ್ನು ಕಂಡು ಅವರ ಅಹವಾಲುಗಳನ್ನು ಆಲಿಸಿದಳು. ಹಳೆಯ ಹಕ್ಕುಗಳನ್ನು ಎತ್ತಿಹಿಡಿಯುವುದಾಗಿ ವಚನ ಕೊಟ್ಟಳು. ಸಭೆಯು ಫೆರ್ನಾಂಡೊನನ್ನು ಅರಸನೆಂದು ಒಪ್ಪಿಕೊಂಡಿತು. ರಾಜ್ಯದ ಪಾಲಕನೆಂಬ ಪದವಿಯನ್ನು ಎನ್ರಿಕೆಗೆ ಬಿಟ್ಟುಕೊಟ್ಟ ಮರಿಯಾ, ಮಗನ ಪೋಷಣೆಯನ್ನು ಮಾತ್ರ ಯಾರಿಗೂ ಬಿಡಲಿಲ್ಲ. ಪದವಿ ಹೋದರೆ ಮತ್ತೆ ದೊರಕೀತು, ಮಗ ಕೈತಪ್ಪಿದರೆ ರಾಜ್ಯವೇ ಹೋದಂತೆ ಎಂಬುದು ಆಕೆಗೆ ತಿಳಿದಿದ್ದಿತು. ಅಂದು ಬಾಗಿಲು ಮುಚ್ಚಿದ ಅದೇ ವಯಾದೊಲಿದ್ ಮುಂದೆ ಆಕೆಯ ಅಚಲ ಆಶ್ರಯವಾಯಿತು.

1296ರಲ್ಲಿ ಯುದ್ಧ ಭುಗಿಲೆದ್ದಿತು. ಶತ್ರುಗಳು ರಾಜ್ಯವನ್ನು ತಮ್ಮತಮ್ಮಲ್ಲಿ ಹಂಚಿಕೊಂಡರು: ಹುವಾನ್ ಲಿಯೊನಿನ ಅರಸನೆಂದೂ, ಸೆರ್ದಾ ಕ್ಯಾಸ್ಟೀಲಿನ ಅರಸನೆಂದೂ ಘೋಷಿಸಿಕೊಂಡರು. ಅರಗಾನಿನ ಸೈನ್ಯವು ಮಯೋರ್ಗಾ ಎಂಬ ಊರಿಗೆ ಮುತ್ತಿಗೆ ಹಾಕಿತು. ದಿನಿಸ್ ದೊರೆಯ ಸೇನೆಯು ವಯಾದೊಲಿದ್‌ಗೆ ಕೆಲವೇ ಹರಿದಾರಿ ದೂರದ ಸಿಮಾಂಕಾಸ್‌ವರೆಗೂ ಬಂದಿತು. ರಾಣಿಯು ವಯಾದೊಲಿದ್ ಬಿಟ್ಟು ಕದಲಲಿಲ್ಲ. ಅಷ್ಟರಲ್ಲಿ ಮಯೋರ್ಗಾದ ಮುಂದೆ ಬೀಡುಬಿಟ್ಟಿದ್ದ ಅರಗಾನಿನ ಪಾಳೆಯಕ್ಕೆ ಸಾಂಕ್ರಾಮಿಕ ಜಾಡ್ಯ ತಗುಲಿತು. ದಂಡಿನ ನಾಯಕನಾದ ಅರಗಾನಿನ ರಾಜಕುಮಾರ ಪೇದ್ರೊನೇ ಮೃತನಾದನು. ಉಳಿದವರು ಮುತ್ತಿಗೆ ತೆಗೆದು, ತಮ್ಮವರ ಶವಗಳನ್ನು ಹೊತ್ತು ಸ್ವದೇಶಕ್ಕೆ ಮರಳಲು ದಾರಿ ಬೇಡಿದರು. ಸೋತು ಹಿಂದಿರುಗುವ ಶತ್ರುವಿನ ಮೇಲೆ ಬೀಳುವುದು ಆ ಕಾಲದಲ್ಲಿ ಅಪರೂಪದ ಸಂಗತಿಯೇನಲ್ಲ. ಮರಿಯಾ ಆ ಶೋಕಯಾತ್ರೆಯು ತನ್ನ ನಾಡಿನ ಮೂಲಕ ನಿರ್ಭಯವಾಗಿ ಸಾಗಲು ಅನುಮತಿಯನ್ನಿತ್ತಳು. ದಿನಿಸ್ ದೊರೆಯೂ ಹಿಂದೆ ಸರಿದನು.

ಒಟ್ಟಾಗಿ ಬಂದ ಶತ್ರುಗಳನ್ನು ಬೇರೆಬೇರೆ ಮಾಡುವುದು ರಾಣಿಯ ನೀತಿ. 1297ರ ಸೆಪ್ಟೆಂಬರ್ 12ರಂದು ಅಲ್ಕಾನ್ಯೀಸೆಸ್ ಎಂಬಲ್ಲಿ ಪೋರ್ಚುಗಲಿನೊಡನೆ ಕೌಲು ಆಯಿತು. ಕೆಲವು ಊರುಗಳು ಪೋರ್ಚುಗಲಿಗೆ ಸೇರಿದುವು. ಎರಡು ರಾಜ್ಯಗಳ ಗಡಿಯು ನಿಗದಿಯಾಯಿತು. ದಿನಿಸನ ಮಗಳು ಕೊನ್ಸ್ತಾನ್ಸಾ ಫೆರ್ನಾಂಡೊನಿಗೂ, ರಾಣಿಯ ಕಿರಿಯ ಮಗಳು ಬೆಯಾತ್ರಿಸ್ ಪೋರ್ಚುಗಲಿನ ಯುವರಾಜನಿಗೂ ವಧುವಾಗಬೇಕೆಂದು ನಿಶ್ಚಯವಾಯಿತು. ಅಂದು ಎಳೆದ ಗಡಿರೇಖೆಯು ಅಲ್ಪಸ್ವಲ್ಪ ಬದಲಾವಣೆಗಳೊಡನೆ ಇಂದಿಗೂ ಉಳಿದಿದೆ. ಯೂರೋಪಿನ ಅತ್ಯಂತ ಹಳೆಯ ಗಡಿಗಳಲ್ಲಿ ಅದೂ ಒಂದು. ಪೋರ್ಚುಗಲಿನ ನೆರವು ತಪ್ಪಿದ ಹುವಾನ್ 1300ರಲ್ಲಿ ಸಿಂಹಾಸನದ ಹಕ್ಕನ್ನು ಬಿಟ್ಟುಕೊಟ್ಟು ಅಣ್ಣನ ಮಗನಿಗೆ ತಲೆಬಾಗಿದನು.

ಉಳಿದುದು ಮದುವೆಯ ಕಳಂಕ. ಅದನ್ನು ತೊಳೆಯದೆ ಮಗನ ಸಿಂಹಾಸನ ಭದ್ರವಾಗುವಂತಿರಲಿಲ್ಲ. ರಾಣಿಯು ವರ್ಷಗಳ ಕಾಲ ಪೋಪರ ಆಸ್ಥಾನಕ್ಕೆ ದೂತರನ್ನು ಕಳುಹಿಸುತ್ತಲೇ ಇದ್ದಳು. ಕೊನೆಗೆ 1301ರ ಸೆಪ್ಟೆಂಬರ್ ತಿಂಗಳಲ್ಲಿ ಪೋಪ್ ಎಂಟನೆಯ ಬೋನಿಫೇಸರು ಆಕೆಯ ಮದುವೆಯನ್ನು ಸಿಂಧುವೆಂದೂ ಮಕ್ಕಳನ್ನು ಧರ್ಮಸಮ್ಮತ ಸಂತಾನವೆಂದೂ ಸಾರಿದರು. ಇದಕ್ಕಾಗಿ ಹತ್ತು ಸಾವಿರ ಮಾರ್ಕ್ ತೂಕದ ಬೆಳ್ಳಿಯನ್ನು ತೆರಬೇಕಾಯಿತೆಂದು ಆ ಕಾಲದ ವೃತ್ತಾಂತ ತಿಳಿಸುತ್ತದೆ. ಸಾಂಚೊ ಸತ್ತು ಆರು ವರ್ಷಗಳ ಮೇಲೆ ಆಕೆ ಅವನ ಧರ್ಮಪತ್ನಿಯೆಂದು ಲೋಕ ಒಪ್ಪಿಕೊಂಡಿತು!

ಅದೇ ವರ್ಷ ಕ್ಯಾಸ್ಟೀಲಿನಲ್ಲಿ ಘೋರವಾದ ಕ್ಷಾಮ ಬಂದಿತು. ಜನರು ಬೀದಿಗಳಲ್ಲಿ ಹಸಿವಿನಿಂದ ಬಿದ್ದು ಸತ್ತರೆಂದು ವೃತ್ತಾಂತಕಾರರು ಬರೆದಿದ್ದಾರೆ. ಅಂತಹ ಕಾಲದಲ್ಲಿಯೂ ರಾಜ್ಯದ ವೆಚ್ಚ ನಿಲ್ಲುವಂತಿರಲಿಲ್ಲ.

ಹೊರಗಿನ ಶತ್ರುಗಳನ್ನು ಗೆದ್ದ ತಾಯಿಗೆ ಅತ್ಯಂತ ಕಹಿಯಾದ ಅನುಭವವಾದುದು ಮಗನಿಂದ. ಫೆರ್ನಾಂಡೊ ಹದಿನಾರು ತುಂಬಿ ಸ್ವತಃ ಆಳತೊಡಗಿದನು. ಚಿಕ್ಕಪ್ಪ ಹುವಾನ್ ಮತ್ತು ಲಾರಾ ಮನೆತನದ ಹುವಾನ್ ನೂನ್ಯೆಸ್ ಆತನ ಕಿವಿಯೂದಿದರು. ಬೇಟೆಯ ನೆಪದಿಂದ ತಾಯಿಯ ಬಳಿಯಿಂದ ಅವನನ್ನು ದೂರ ಕರೆದೊಯ್ದರು. ರಾಜ್ಯದ ಹಣವನ್ನು ರಾಜಮಾತೆಯು ಕಬಳಿಸಿದ್ದಾಳೆಂದು ಚಾಡಿ ಹೇಳಿದರು. ಯುವಕ ದೊರೆ ಅದನ್ನು ನಂಬಿದನು. 1302ರಲ್ಲಿ ಮೆದಿನಾ ದೆಲ್ ಕಾಂಪೊ ಎಂಬ ಊರಿನಲ್ಲಿ ಮಹಾಸಭೆ ಸೇರಿದಾಗ ತಾಯಿಯಿಂದ ಲೆಕ್ಕ ಕೇಳಲಾಯಿತು. ಆಕೆಯ ಅಪ್ಪಣೆಯಿಲ್ಲದೆ ಸಭೆಗೆ ಬರುವುದಿಲ್ಲವೆಂದು ನಗರಗಳ ಜನರು ಹೇಳಿ ಕಳುಹಿಸಿದರು. ಮಾತೆಯು ಒಂದು ಮಾತು ನುಡಿದಿದ್ದರೆ ಸಭೆ ಮುರಿದುಬೀಳುತ್ತಿದ್ದಿತು, ಮಗನ ಅಧಿಕಾರವೂ ಅದರೊಡನೆ ಕುಸಿಯುತ್ತಿದ್ದಿತು. ಆಕೆ ಅವರೆಲ್ಲರಿಗೂ ದೊರೆಯ ಕರೆಗೆ ಓಗೊಡುವಂತೆ ಹೇಳಿದಳು.

ರಾಣಿಯ ಕಾರ್ಯಭಾರವನ್ನು ನೋಡಿಕೊಳ್ಳುತ್ತಿದ್ದ ಮಠಾಧಿಪತಿಯು ಲೆಕ್ಕದ ಪುಸ್ತಕಗಳನ್ನು ತೆರೆದು ತೋರಿಸಿದನು. ರಾಜ್ಯದ ಒಂದು ಕಾಸೂ ಆಕೆಯ ಸ್ವಂತಕ್ಕೆ ಹೋಗಿರಲಿಲ್ಲ. ಬದಲಾಗಿ ಆಕೆಯ ಸ್ವಂತ ಹಣವೇ ರಾಜ್ಯಕ್ಕೆ ವೆಚ್ಚವಾಗಿದ್ದಿತು. ಸಾಲದ ಹೊರೆಯೂ ಆಕೆಯ ತಲೆಯ ಮೇಲಿದ್ದಿತು. ಸೈನ್ಯದ ಸಂಬಳಕ್ಕಾಗಿ ಆಕೆ ತನ್ನ ಒಡವೆಗಳನ್ನೆಲ್ಲ ಮಾರಿದ್ದಳು. ನೀರು ಕುಡಿಯಲು ಒಂದು ಬೆಳ್ಳಿಯ ಬಟ್ಟಲು ಮಾತ್ರ ಉಳಿದಿದ್ದಿತು. ಊಟ ಮಾಡುತ್ತಿದ್ದುದು ಮಣ್ಣಿನ ತಟ್ಟೆಯಲ್ಲಿ. ಚಾಡಿ ಹೇಳಿದವರ ಬಾಯಿ ಕಟ್ಟಿತು. ತಾಯಿಯು ಮಗನನ್ನು ನಿಂದಿಸಲಿಲ್ಲ. ಮುಂದೆಯೂ ಅವನು ಸಂಕಟದಲ್ಲಿ ಸಿಕ್ಕಿದಾಗಲೆಲ್ಲ ಸಂಧಾನಕ್ಕೆ ನಿಂತವಳು ಆಕೆಯೇ.

1304ರಲ್ಲಿ ಅರಗಾನಿನೊಡನೆಯೂ ಶಾಂತಿಯಾಯಿತು. ಮುರ್ಸಿಯಾ ಪ್ರದೇಶವನ್ನು ಎರಡು ರಾಜ್ಯಗಳೂ ಹಂಚಿಕೊಂಡುವು. ಸೆರ್ದಾ ತನ್ನ ಹಕ್ಕನ್ನು ತೊರೆದನು. 1309ರಲ್ಲಿ ಫೆರ್ನಾಂಡೊನ ಪಡೆಗಳು ಜಿಬ್ರಾಲ್ಟರನ್ನು ಗೆದ್ದುವು. ಇನ್ನು ತಾನು ವಿಶ್ರಾಂತಿ ಪಡೆಯಬಹುದೆಂದು ರಾಣಿಯು ಎಣಿಸಿದ್ದರೆ ಅದು ಸಹಜವೇ. ಆದರೆ 1312ರ ಸೆಪ್ಟೆಂಬರ್ 7ರಂದು ಫೆರ್ನಾಂಡೊ ಹಾಯೆನ್ ನಗರದಲ್ಲಿ ಇಪ್ಪತ್ತಾರನೆಯ ವಯಸ್ಸಿನಲ್ಲಿ ಹಠಾತ್ತನೆ ಅಸುನೀಗಿದನು. ಆತನ ಮಗ ಹನ್ನೊಂದನೆಯ ಅಲ್ಫಾನ್ಸೊನಿಗೆ ಆಗ ಒಂದು ವರ್ಷ ತುಂಬಿ ಕೆಲವು ದಿನಗಳಾಗಿದ್ದುವು. ಹದಿನೇಳು ವರ್ಷಗಳ ಹಿಂದಿನ ಆಪತ್ತು ಮತ್ತೆ ಬಾಗಿಲಿಗೆ ಬಂದಿತು.

ಕೂಸು ಆವಿಲಾ ನಗರದಲ್ಲಿತ್ತು. ಮಹಾಸಭೆಯು ತೀರ್ಮಾನಿಸುವವರೆಗೂ ಮಗುವನ್ನು ಯಾರಿಗೂ ಒಪ್ಪಿಸುವುದಿಲ್ಲವೆಂದು ಆ ನಗರದ ಬಿಷಪ್ಪನೂ ಪೌರರೂ ಕಾವಲು ನಿಂತರು. ಪಾಲಕತ್ವಕ್ಕಾಗಿ ರಾಣಿಯ ಮಗ ಪೇದ್ರೊ ಒಂದು ಕಡೆ, ಮೈದುನ ಹುವಾನ್ ಇನ್ನೊಂದು ಕಡೆ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು. 1313ರಲ್ಲಿ ಮಗುವಿನ ತಾಯಿ ಕೊನ್ಸ್ತಾನ್ಸಾಳೂ ತೀರಿಕೊಂಡಳು. ಮರಿಯಾ ಇಬ್ಬರನ್ನೂ ಕೂಡಿಸಿ 1314ರಲ್ಲಿ ಪಲಾಸುವೆಲೊಸ್ ಎಂಬಲ್ಲಿ ಒಪ್ಪಂದ ಮಾಡಿಸಿದಳು. ಮೂವರೂ ಸೇರಿ ರಾಜ್ಯಪಾಲನೆ ಮಾಡಬೇಕು. ಮಗುವಿನ ಪೋಷಣೆ ಅಜ್ಜಿಯದು. ಒಮ್ಮೆ ತಾನು ಪ್ರಾಣ ಉಳಿಸಿದ, ಬಳಿಕ ತನ್ನ ಮಗನ ಸಿಂಹಾಸನಕ್ಕೆ ಕೈಯಿಕ್ಕಿದ, ಮಗನ ಮನಸ್ಸನ್ನು ತನ್ನ ವಿರುದ್ಧ ಕೆಡಿಸಿದ ಮೈದುನನೊಡನೆಯೇ ಆಕೆ ರಾಜ್ಯದ ಹಿತಕ್ಕಾಗಿ ಒಂದೇ ಹಲಗೆಯಲ್ಲಿ ಕುಳಿತಳು. ಸ್ವಂತ ನೋವನ್ನು ನುಂಗಿಕೊಳ್ಳುವ ಈ ಶಕ್ತಿಯೇ ಆಕೆಯ ರಾಜನೀತಿಯ ಗುಟ್ಟು.

1319ರ ಜೂನ್ ತಿಂಗಳಲ್ಲಿ ಗ್ರನಾಡಾದ ಬಯಲಿನಲ್ಲಿ ನಡೆದ ದಂಡಯಾತ್ರೆಯಲ್ಲಿ ಪೇದ್ರೊ ಮತ್ತು ಹುವಾನ್ ಇಬ್ಬರೂ ಒಂದೇ ದಿನ ಸತ್ತರು. ಪುತ್ರಶೋಕದ ನಡುವೆ ಇಡೀ ಹೊಣೆ ವೃದ್ಧೆಯ ಹೆಗಲಿಗೆ ಬಂದಿತು. ಹೊಸ ತಲೆಮಾರಿನ ರಾಜಕುಮಾರರು ಮತ್ತೆ ಪದವಿಗಾಗಿ ಹೊಡೆದಾಡತೊಡಗಿದರು. ಅವರನ್ನು ಒಂದುಗೂಡಿಸುವ ಪ್ರಯತ್ನದಲ್ಲಿದ್ದಾಗಲೇ ಆಕೆ ಕಾಯಿಲೆ ಬಿದ್ದಳು. ಸಾವು ಸಮೀಪಿಸಿತೆಂದು ತಿಳಿದು ವಯಾದೊಲಿದ್ ನಗರದ ಪ್ರಮುಖರನ್ನು ಹಾಸಿಗೆಯ ಬಳಿಗೆ ಕರೆಸಿದಳು. ಮೊಮ್ಮಗನನ್ನು ಅವರ ಕೈಗೆ ಒಪ್ಪಿಸಿ, ಅವನು ಪ್ರಾಪ್ತವಯಸ್ಕನಾಗುವವರೆಗೂ ಯಾವ ರಾಜಕುಮಾರನಿಗೂ ಸರದಾರನಿಗೂ ಬಿಟ್ಟುಕೊಡಬಾರದೆಂದು ಕೇಳಿಕೊಂಡಳು. ಅವರು ಮಾತು ಕೊಟ್ಟರು. 1321ರ ಜುಲೈ 1ರಂದು ಆಕೆ ಕಣ್ಣು ಮುಚ್ಚಿದಳು. ವಯಾದೊಲಿದ್‌ನಲ್ಲಿ ತಾನೇ ಸ್ಥಾಪಿಸಿದ ಲಾಸ್ ಉವೆಲ್ಗಾಸ್ ಸನ್ಯಾಸಿನಿಯರ ಮಠದಲ್ಲಿ ಆಕೆಯ ಸಮಾಧಿಯಿದೆ.

ಆ ಪೌರರು ಕೊಟ್ಟ ಮಾತನ್ನು ಉಳಿಸಿಕೊಂಡರು. ನಾಲ್ಕು ವರ್ಷ ಬಾಲಕ ಅರಸನನ್ನು ತಮ್ಮ ಗೋಡೆಗಳೊಳಗೆ ಕಾಪಾಡಿದರು. 1325ರಲ್ಲಿ ಹದಿನಾಲ್ಕು ವರ್ಷದ ಅಲ್ಫಾನ್ಸೊ ಅದೇ ನಗರದಿಂದ ಹೊರಟು ರಾಜ್ಯಭಾರವನ್ನು ಕೈಗೆತ್ತಿಕೊಂಡನು. ಮುಂದೆ ಪ್ರಬಲ ದೊರೆಯೆನಿಸಿದನು.

ಮರಿಯಾಳ ಕಥೆಯನ್ನು ಸ್ಪೇನಿನ ಜನರು ಮರೆತಿಲ್ಲ. ಹದಿನೇಳನೆಯ ಶತಮಾನದ ಪ್ರಸಿದ್ಧ ನಾಟಕಕಾರ ತಿರ್ಸೊ ದೆ ಮೊಲಿನಾ ಆಕೆಯನ್ನು ನಾಯಕಿಯನ್ನಾಗಿ ಮಾಡಿ, ಸ್ತ್ರೀಯ ವಿವೇಕವನ್ನು ಕೊಂಡಾಡುವ ನಾಟಕವನ್ನು ರಚಿಸಿದನು. ಬಾಲರಾಜನನ್ನು ಮಹಾಸಭೆಯ ಮುಂದೆ ನಿಲ್ಲಿಸುತ್ತಿರುವ ರಾಣಿಯ ದೊಡ್ಡ ಚಿತ್ರವನ್ನು ಆಂತೋನ್ಯೊ ಹಿಸ್ಬೆರ್ತ್ ಎಂಬ ಕಲಾವಿದ 1863ರಲ್ಲಿ ಬರೆದನು. ಅದು ಮ್ಯಾಡ್ರಿಡ್ ನಗರದ ಸಂಸತ್ ಭವನದಲ್ಲಿದೆ. ಜನರ ಪ್ರತಿನಿಧಿಗಳು ಕೂಡುವ ಮನೆಯಲ್ಲಿ, ಜನರನ್ನು ನಂಬಿ ರಾಜ್ಯವನ್ನುಳಿಸಿದ ರಾಣಿಯ ಚಿತ್ರವಿರುವುದು ಉಚಿತವೇ ಆಗಿದೆ.

ಪದಗಳ ಅರ್ಥ

ಅಸಿಂಧು – ಕಾನೂನಿಗೆ ಅಥವಾ ಧರ್ಮಕ್ಕೆ ಒಪ್ಪದ. ಬತ್ತಳಿಕೆ – ಬಾಣಗಳನ್ನಿಡುವ ಚೀಲ. ಪಾಲಕತ್ವ – ಎಳೆಯರ ಪರವಾಗಿ ಹೊಣೆ ಹೊರುವಿಕೆ. ಅಹವಾಲು – ಬಿನ್ನಹ. ಕೌಲು – ಒಪ್ಪಂದ. ಜಾಡ್ಯ – ರೋಗ. ಕ್ಷಾಮ – ಬರಗಾಲ. ಪೌರ – ನಗರವಾಸಿ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮರಿಯಾ ದೆ ಮೊಲಿನಾಳ ತಂದೆ ಯಾರು?
2. ಸೀಸಾ ಎಂದರೇನು?
3. ಅಲ್ಕಾನ್ಯೀಸೆಸ್ ಒಪ್ಪಂದ ಯಾವ ವರ್ಷ ಆಯಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮರಿಯಾಳ ಮದುವೆಗೆ ಪೋಪರು ಏಕೆ ಒಪ್ಪಲಿಲ್ಲ? ಅದರಿಂದ ಆಕೆಯ ಮಕ್ಕಳಿಗೆ ಯಾವ ತೊಂದರೆ ಒದಗಬಹುದಾಗಿದ್ದಿತು?
2. ಮೆದಿನಾ ದೆಲ್ ಕಾಂಪೊ ಸಭೆಯಲ್ಲಿ ನಡೆದುದೇನು?
3. ಮರಿಯಾ ತನ್ನ ಮೈದುನ ಹುವಾನನೊಡನೆ ನಡೆದುಕೊಂಡ ರೀತಿಯನ್ನು ವಿವರಿಸಿರಿ.

ಇ) ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಉರಿಯುವ ಮನೆಯ ಗಳ ಹಿರಿ, ಕಿವಿಯೂದು, ಬಾಯಿ ಕಟ್ಟು, ಓಗೊಡು.